ಆಲ್ಕೊಳದಲ್ಲಿ ಹೊದಿಸಿದ ಶಾಲು

ಕಳೆದ ತಿಂಗಳು ಶಿವಮೊಗ್ಗದ ಹೊಸಮನೆಯಲ್ಲಿರುವ ನನ್ನ ತಂಗಿಯ ಮಗಳ ಮನೆಯಲ್ಲಿ ಒಂದು ರಾತ್ರಿ ಉಳಿಯಬೇಕಾಯಿತು. ಮಲಗಲು ಹೋದಾಗ ಕೋಣೆಯಲ್ಲಿ ಒಂದು ವಾಸನೆ ಬಂತು. ಹೊಸ ರಬ್ಬರಿನದು, ಅದಕ್ಕೆ ಸವರಿದ ಪೌಡರಿನದು. ಹೆರಿಗೆ ವಾರ್ಡುಗಳಲ್ಲಿ ಇರುವಂಥ ವಾಸನೆ. ಚಾದರದ ತುದಿ ಎತ್ತಿ ನೋಡಿದೆ. ಕೆಳಗೆ ಕೆಂಪು ರಬ್ಬರ್ ಶೀಟು ಹಾಸಿದ್ದರು, ಸುಕ್ಕಿಲ್ಲದಂತೆ, ನಾಲ್ಕೂ ಮೂಲೆಗಳನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ. ತಂಗಿಯ ಮಗಳು ಬಾಗಿಲಲ್ಲೇ ನಿಂತಿದ್ದಳು.

"ಬುರಾ ನಕ್ಕೋ ಮಾನೋ ಖಾಲಾ," ಎಂದಳು. ಬೇಜಾರು ಮಾಡ್ಕೋಬೇಡಿ ದೊಡ್ಡಮ್ಮ ಎಂದು ಅರ್ಥ. ಬೇಜಾರಾಗುವ ಕೆಲಸವನ್ನು ಮಾಡಿ ಮುಗಿಸಿದ ಮೇಲೆ ನಮ್ಮ ಮನೆಗಳಲ್ಲಿ ಹೇಳುವ ಮಾತು ಅದು. "ಹೊಸ ಹಾಸಿಗೆ ಅಲ್ವಾ, ಅದಕ್ಕೆ. ಬೆಳಿಗ್ಗೆ ನಮಾಜಿಗೆ ಬೇರೆ ಬಟ್ಟೆ ಬೇಕಾದ್ರೆ ಆ ಕುರ್ಚಿ ಮೇಲೆ ಇಟ್ಟಿದ್ದೀನಿ."

ನನಗೆ ಹಾಸಿಗೆ ಒದ್ದೆ ಮಾಡುವ ತೊಂದರೆ ಇಲ್ಲ. ಎಂದೂ ಇರಲಿಲ್ಲ. ಆದರೆ ಶಿವಮೊಗ್ಗ, ಭದ್ರಾವತಿಗಳಲ್ಲಿ ನನ್ನನ್ನು ಬಲ್ಲವರಲ್ಲಿ ಬಹುಪಾಲು ಜನ ಅದು ಇದೆಯೆಂದೇ ನಂಬಿದ್ದಾರೆ. ಅವರು ಹಾಗೆ ನಂಬುವಂತಾದದ್ದು ಒಂದು ಬೇಸಿಗೆಯಲ್ಲಿ, ಮಕ್ಕಳ ಶಿಬಿರವೊಂದರ ಐದು ದಿನಗಳಲ್ಲಿ. ಆ ರಾತ್ರಿ ರಬ್ಬರಿನ ಮೇಲೆ ಮಲಗಿ, ಹೊರಳಿದಾಗಲೆಲ್ಲ ಅದು ಕಿರುಗುಟ್ಟುವುದನ್ನು ಕೇಳುತ್ತಾ, ಆ ಬೇಸಿಗೆಯನ್ನು ಮೊದಲಿನಿಂದ ಕೊನೆಯವರೆಗೆ ನೆನೆದೆ. ನೆನೆಯುವುದು ನನಗೆ ಕಷ್ಟವಲ್ಲ. ಯಾರು, ಯಾವಾಗ, ಯಾವ ಮುಖಭಾವದಿಂದ ಏನೆಂದರು ಎಂಬುದು ನನಗೆ ಮರೆಯುವುದಿಲ್ಲ. ಇದೊಂದು ಕೆಟ್ಟ ಗುಣವೆಂದು ಹೇಳಿದವರು ಯಾರೆಂಬುದೂ ನೆನಪಿದೆ.

ನಾನು ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಜುಬೇದಾ ಎಂಬ ಹೆಸರಿನವಳು ಕನ್ನಡ ಟೀಚರ್ ಎಂದಾಗ ಮೊದಲು ಹುಬ್ಬೇರಿಸಿ, ಆಮೇಲೆ "ಪರವಾಗಿಲ್ಲ ಕಣ್ರೀ, ನಮ್ಮೋರಿಗಿಂತ ಚೆನ್ನಾಗಿ ಮಾತಾಡ್ತೀರಿ" ಎನ್ನುವುದನ್ನು ಹೊಗಳಿಕೆಯೆಂದು ತಿಳಿದವರ ನಡುವೆ ಇಡೀ ನೌಕರಿಯನ್ನು ಮುಗಿಸಿದೆ. ಸೋಗಾನೆಯ ಹೊಸ ನಿಲ್ದಾಣಕ್ಕೆ ವಿಮಾನಗಳು ಬರತೊಡಗಿದ ಮೇಲಿನ ಮೊದಲ ಬೇಸಿಗೆಯಲ್ಲಿ, ಶಿವಮೊಗ್ಗದ ಮಕ್ಕಳ ಬಳಗವೊಂದರ ಸಂಚಾಲಕರು ಫೋನು ಮಾಡಿದರು. ಆಲ್ಕೊಳದ ಬಳಿ ಒಂದು ಸಮುದಾಯ ಭವನದಲ್ಲಿ ಮಕ್ಕಳ ವಸತಿ ಶಿಬಿರ. ಹಗಲು ಕಥೆ, ಪದ್ಯ ಹೇಳಿಕೊಡಬೇಕು, ರಾತ್ರಿ ಹುಡುಗಿಯರ ಹಾಲಿನಲ್ಲಿ ಅವರೊಂದಿಗೆ ಮಲಗಬೇಕು. ಒಪ್ಪಿದೆ. ಸಂಚಾಲಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಿನಲ್ಲಿ ಕಂಡರೆ, ಅದು ಬೈಗುಳಗಳ ನಡುವೆ ಇದ್ದರೂ, ಕತ್ತರಿಸಿ ಇಟ್ಟುಕೊಳ್ಳುವ ಜಾತಿಯ ಮನುಷ್ಯ ಅವರು.

ಮಗುವಿನ ಹೆಸರನ್ನೂ ಬರೆಯುವುದಿಲ್ಲ, ಕಾರಣ ಬೇರೆ. ಈ ಬರಹದಲ್ಲಿ ಅವಳು ನಿತ್ಯಾ, ಹತ್ತು ವರ್ಷದ ಹುಡುಗಿ. ಮನೆ, ಬೀದಿ, ತಂದೆಯ ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಅದು ಹುಡುಗಿಯೇ ಎಂಬುದನ್ನು ಕೂಡ ನಾನು ಪ್ರಮಾಣ ಮಾಡಿ ಹೇಳುವುದಿಲ್ಲ. ಊಹಿಸಲು ಹೊರಡುವವರು ಸೋಲಲಿ ಎಂದೇ ಇಷ್ಟು ಎಚ್ಚರ ವಹಿಸಿದ್ದೇನೆ.

ಶಿಬಿರದ ಮೊದಲ ಬೆಳಿಗ್ಗೆ ಅವಳ ತಾಯಿ ನನ್ನನ್ನು ಗೇಟಿನ ಪಕ್ಕಕ್ಕೆ ಕರೆದಳು. ಸುತ್ತ ಯಾರೂ ಇಲ್ಲದಿದ್ದರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದಳು.

"ಟೀಚರ್, ಇವ್ಳಿಗೆ ರಾತ್ರಿ... ಹಾಸಿಗೇಲಿ... ದಿನಾ ಅಲ್ಲ. ಎರಡು ದಿನಕ್ಕೊಂದ್ಸಲ, ಮೂರು ದಿನಕ್ಕೊಂದ್ಸಲ."

"ಡಾಕ್ಟರಿಗೆ ತೋರಿಸಿದ್ದೀರಾ?"

"ತೋರಿಸ್ದೆ. ಬೆಳೀತಾ ಬೆಳೀತಾ ಸರಿ ಹೋಗುತ್ತೆ, ಬೈಬೇಡಿ, ಹೊಡೀಬೇಡಿ ಅಂದ್ರು. ಟೀಚರ್, ನಿಮ್ಮ ಕಾಲಿಗೆ ಬೀಳ್ತೀನಿ, ಯಾರ್ಗೂ ಗೊತ್ತಾಗ್ಬಾರ್ದು. ಹೋದ ವರ್ಷ ಸ್ಕೂಲ್ ಟ್ರಿಪ್ಪಲ್ಲಿ ಆಗಿದ್ದು ನಿಮ್ಗೆ ಗೊತ್ತಿಲ್ಲ."

ಏನಾಯಿತೆಂದು ಕೇಳಿದೆ. ಎರಡು ದಿನದ ಶಾಲಾ ಪ್ರವಾಸದಲ್ಲಿ ಬೆಳಿಗ್ಗೆ ನಿತ್ಯಾಳ ಚಾದರ ಒದ್ದೆಯಾಗಿತ್ತು. ಜೊತೆಗಿದ್ದ ಶಿಕ್ಷಕಿ ಅದನ್ನು ನೀರಲ್ಲಿ ಅದ್ದಿ ಹಿಂಡಿಸಿ, "ಒಣಗ್ಲಿ ಬಿಡು" ಎಂದು ಬಸ್ಸಿನ ಕಿಟಕಿಗೆ ಕಟ್ಟಿಸಿದಳಂತೆ, ಮಗುವಿನ ಕೈಯಿಂದಲೇ. ಭದ್ರಾವತಿ ಮುಟ್ಟುವವರೆಗೂ ಆ ಚಾದರ ಬಸ್ಸಿನ ಹೊರಗೆ ಪಟಪಟನೆ ಹಾರುತ್ತಾ ಬಂತು. ಅಂದಿನಿಂದ ತರಗತಿಯಲ್ಲಿ ನಿತ್ಯಾಳ ಹೆಸರು "ಬಾವುಟ". ವರ್ಷವಿಡೀ ಅದೇ ಹೆಸರು. ಸೋದರಮಾವನ ಮನೆಗೂ ಅವಳು ಉಳಿಯಲು ಹೋಗಲಿಲ್ಲ. ಈ ಶಿಬಿರದಲ್ಲಿ ತನ್ನ ಶಾಲೆಯವರು ಯಾರೂ ಇಲ್ಲವೆಂದು ತಿಳಿದ ಮೇಲೆ, ನಾಟಕ ಕಲಿಸುತ್ತಾರೆಂದು ಕೇಳಿದ ಮೇಲೆ, ತಾನಾಗಿ ಹೋಗುತ್ತೇನೆ ಎಂದಳಂತೆ. ಇಲ್ಲೂ ಗೊತ್ತಾದರೆ ಮತ್ತೆ ಶಾಲೆಗೇ ಹೋಗುವುದಿಲ್ಲ ಎಂದೂ ಹೇಳಿದ್ದಳಂತೆ. "ಹಂಗೇ ಮಾಡ್ತಾಳೆ ಟೀಚರ್, ಅಷ್ಟು ಹಟ," ಎಂದಳು ತಾಯಿ.

ಆ ಶಿಕ್ಷಕಿಯನ್ನು ನಾನು ನೋಡಿಲ್ಲ. ಆದರೂ ಶಿಕ್ಷಕಿಯೊಬ್ಬಳು ಹೀಗೆ ಮಾಡಿದಳೆಂಬುದಕ್ಕೆ ನನಗೆ ಹೇಸಿಗೆಯಾಯಿತು. ಮಕ್ಕಳ ಉಚ್ಚೆಯ ವಾಸನೆಗೆ ನನಗೆ ಎಂದೂ ಹಾಗಾದದ್ದಿಲ್ಲ.

ಆ ಐದು ದಿನಗಳಿಗೆ ಒಂದು ಕ್ರಮ ಮಾಡಿಕೊಂಡೆ. ನಿತ್ಯಾಳೊಂದಿಗೆ ಈ ವಿಷಯವನ್ನು ನಾನಾಗಿ ಎತ್ತಲಿಲ್ಲ. ತಾಯಿ ಕೊಟ್ಟ ಪ್ಲಾಸ್ಟಿಕ್ ಶೀಟು ಸದ್ದು ಮಾಡುತ್ತಿತ್ತು. ಅದನ್ನು ನನ್ನ ಹಳೆಯ ಹತ್ತಿ ಸೀರೆಯೊಳಗೆ ಇಟ್ಟು ಹೊಲಿದೆ, ನೋಡಿದವರಿಗೆ ತೆಳು ಕೌದಿಯಂತೆ ಕಂಡಿತು. ಹುಡುಗಿಯರಿಗೆಲ್ಲ ಗಾಢ ಬಣ್ಣದ ಹೊದಿಕೆಗಳನ್ನೇ ಹಂಚಿದೆ. ಬಾಗಿಲ ಬಳಿಯ ಎರಡು ಹಾಸಿಗೆಗಳಲ್ಲಿ ಒಂದು ನನ್ನದು, ಪಕ್ಕದ್ದು ಅವಳದು. ಯಾಕೆಂದು ಯಾರೋ ಕೇಳಿದರು. "ಇವಳಿಗೆ ಒಳ್ಳೆ ಗಂಟಲಿದೆ, ಬೆಳಿಗ್ಗೆ ನಿಮ್ಮನ್ನೆಲ್ಲ ಎಬ್ಬಿಸೋ ಕೆಲಸ ಇವಳಿಗೆ," ಎಂದೆ. ಸಂಜೆಯ ಮೇಲೆ ನೀರು ಕೊಡಬೇಡಿ ಎಂದು ಯಾರಾದರೂ ಹೇಳಿಯಾರು. ಅದು ಕ್ರೌರ್ಯ, ಏಪ್ರಿಲಿನಲ್ಲಂತೂ. ಮಧ್ಯಾಹ್ನವೇ ಎಲ್ಲರಿಗೂ ಚೆನ್ನಾಗಿ ಮಜ್ಜಿಗೆ ಕುಡಿಸಿದರೆ ರಾತ್ರಿ ತಾವಾಗಿಯೇ ಕಡಿಮೆ ಕುಡಿಯುತ್ತಾರೆ. ಎಲ್ಲರೂ ಮಲಗಿದ ಮೇಲೆ ಅವಳ ಭುಜ ಮುಟ್ಟಿ, "ನಿತ್ಯಾ, ನಂಗೆ ಬಚ್ಚಲಿಗೆ ಒಬ್ಳೇ ಹೋಗೋಕೆ ಭಯ ಆಗ್ತದೆ, ಜೊತೆಗೆ ಬರ್ತೀಯಾ?" ಎನ್ನುತ್ತಿದ್ದೆ. ಅವಳು ದೊಡ್ಡವರಂತೆ ನನ್ನ ಕೈಹಿಡಿದು ನಡೆಸಿಕೊಂಡು ಹೋಗುತ್ತಿದ್ದಳು. ಬಂದದ್ದು ಬಂದಾಯಿತೆಂದು ತಾನೂ ಹೋಗಿ ಬರುತ್ತಿದ್ದಳು. ಬೆಳಿಗ್ಗೆ ತಿಗಣೆ ಕಾಟವೆಂದು ಹೇಳಿ ಎಲ್ಲ ಹುಡುಗಿಯರ ಚಾದರಗಳನ್ನೂ ಒಟ್ಟಿಗೆ ನೀರಿಗೆ ಹಾಕಿ ತಾರಸಿಯ ಮೇಲೆ ಒಣಹಾಕುವುದು. ಅಷ್ಟು ಚಾದರಗಳ ನಡುವೆ ಯಾವುದು ಯಾರದೆಂದು ಯಾರಿಗೆ ತಿಳಿದೀತು?

ಎರಡನೆಯ ಬೆಳಿಗ್ಗೆ ಅವಳ ಚಾದರ ಒದ್ದೆಯಾಗಿತ್ತು. ನಾನು ಮೊದಲೇ ಎದ್ದು ಅದನ್ನು ತೆಗೆದೆ, ಅವಳನ್ನು ಮೊದಲ ಸ್ನಾನಕ್ಕೆ ಕಳಿಸಿದೆ. ಪಕ್ಕದ ಸಾಲಿನ ಹುಡುಗಿಯೊಬ್ಬಳು ಎದ್ದು ಕೂತು ಮೂಗರಳಿಸಿದಳು.

"ಟೀಚರ್, ಏನೋ ವಾಸ್ನೆ ಅಲ್ವಾ?"

"ನಂದೇ ಕಣೇ. ಮಂಡಿಗೆ ಎಣ್ಣೆ ಹಚ್ಕೊಂಡಿದ್ದೀನಿ."

"ಥೂ, ಏನ್ ಎಣ್ಣೆ ಟೀಚರ್ ಅದು! ಅದ್ಕೇ ನಿಮ್ ಮಂಡಿ ಹೆದರ್ಕೊಂಡು ಸರಿ ಹೋಗ್ತಿರೋದು!"

ಹಾಲಿನಲ್ಲಿ ನಗೆ ಎದ್ದಿತು. ಸ್ನಾನ ಮುಗಿಸಿ ಬಂದ ನಿತ್ಯಾ ಬಾಗಿಲಲ್ಲಿ ನಿಂತು ಇದನ್ನು ಕೇಳಿದಳು. ತಿಂಡಿಯ ಹೊತ್ತಿಗೆ ನನ್ನ ತಟ್ಟೆಗೆ ತಾನೇ ಚಟ್ನಿ ತಂದು ಬಡಿಸಿದಳು.

ನಾಟಕದಲ್ಲಿ ಅವಳಿಗೆ ಡಂಗುರ ಸಾರುವವನ ಪಾತ್ರ ಸಿಕ್ಕಿತು. ಸೊಂಟಕ್ಕೆ ತಮಟೆ ಕಟ್ಟಿಕೊಂಡು, "ಕೇಳಿರಪ್ಪೋ ಕೇಳಿ" ಎಂದು ಅಂಗಳದ ಆ ತುದಿಯಿಂದ ಕೂಗಿದರೆ ಅಡುಗೆಯವರು ಸೌಟು ಹಿಡಿದೇ ಹೊರಗೆ ಬರುತ್ತಿದ್ದರು. ಮಧ್ಯಾಹ್ನ ಸೋಗಾನೆಯ ಕಡೆಗೆ ಇಳಿಯುವ ವಿಮಾನದ ಸದ್ದು ಕೇಳಿದರೆ ತಾಲೀಮು ನಿಲ್ಲುತ್ತಿತ್ತು. ಮಕ್ಕಳೆಲ್ಲ ಅಂಗಳಕ್ಕೆ ಓಡಿ ಕತ್ತೆತ್ತಿ ನಿಲ್ಲುತ್ತಿದ್ದರು. ನಿತ್ಯಾ ಅದಕ್ಕೂ ಡಂಗುರ ಸಾರಿ, "ರಾಜರ ವಿಮಾನ ಬರ್ತಾ ಇದೆ, ಬಟ್ಟೆ ಒಳಗೆ ತಗೊಳ್ಳಿ!" ಎಂದಳು. ಎಲ್ಲರೂ ನಕ್ಕರು. ಆ ನಗೆಯಲ್ಲಿ ಯಾರೂ ಅವಳನ್ನು "ಬಾವುಟ" ಎಂದು ಕರೆಯುವವರಿರಲಿಲ್ಲ. ಒಂದು ಮಗು ಭಯ ಬಿಡುವುದು ಕಣ್ಣಿಗೆ ಕಾಣುವ ಸಂಗತಿ. ಅವಳ ಭುಜಗಳು ಕೆಳಗಿಳಿದಿದ್ದವು.

ಮೂರನೆಯ ಸಂಜೆ ಮಳೆ ಬಂತು. ಏಪ್ರಿಲಿನ ಮಳೆ, ಗುಡುಗಿ ಹೆದರಿಸಿ ಅರ್ಧ ಗಂಟೆ ಸುರಿದು ಹೋಯಿತು. ಒಣಗಿದ್ದ ಚಾದರಗಳು ಮತ್ತೆ ಒದ್ದೆಯಾದವು. ಆ ರಾತ್ರಿ ನಿತ್ಯಾ ಹೊರಳಿ ಕೌದಿಯಿಂದ ಆಚೆ ಸರಿದಿದ್ದಳೆಂದು ಕಾಣುತ್ತದೆ, ಹಾಸಿಗೆಯೇ ನೆನೆದಿತ್ತು. ಬೆಳಕು ಹರಿಯುವ ಮುನ್ನ ಹಾಸಿಗೆಯನ್ನು ನಾನೇ ಸುತ್ತಿ ತಾರಸಿಗೆ ಎಳೆದುಕೊಂಡು ಹೋಗಿ, ಒದ್ದೆಯಾದ ಭಾಗವನ್ನು ಸೋಪು ಹಾಕಿ ಉಜ್ಜುತ್ತಿದ್ದೆ. ಅಷ್ಟರಲ್ಲಿ ಸಂಚಾಲಕರು ವಾಕಿಂಗ್ ಮುಗಿಸಿ ಮೇಲೆ ಬಂದರು.

"ಏನ್ ಟೀಚರ್ ಇದು, ಇಷ್ಟೊತ್ತಿಗೆ?"

ಸುಳ್ಳು ಹೇಳುವ ಅವಕಾಶವಿರಲಿಲ್ಲ. ಅವರ ಮೂಗು ಆಗಲೇ ವಿಷಯ ತಿಳಿದುಕೊಂಡಿತ್ತು, ಕರ್ಚೀಫು ಹೊರಬಂದಿತ್ತು. "ಒಂದು ಮಗುವಿಗೆ ಸ್ವಲ್ಪ ತೊಂದರೆ ಇದೆ. ನಾನು ನೋಡ್ಕೊಳ್ತೀನಿ. ಇದು ನಮ್ಮಿಬ್ಬರಲ್ಲೇ ಇರಲಿ," ಎಂದೆ.

"ಮನೆಗೆ ಕಳಿಸ್ಬಿಡೋಣ್ವಾ? ಬೇರೆ ಮಕ್ಕಳಿಗೆ ಇನ್ಫೆಕ್ಷನ್ನು..."

"ಇದು ಅಂಟುವ ರೋಗವಲ್ಲ. ಮಗು ಎಲ್ಲಿಗೂ ಹೋಗುವುದಿಲ್ಲ. ಅವಳು ಹೋದರೆ ನಾನೂ ಹೋಗ್ತೀನಿ."

ಅವರು ಕೆಳಗೆ ಹೋಗುವಾಗ ಹುಡುಗಿಯರ ಹಾಲಿನ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಹಾಸಿಗೆ ಇಲ್ಲದ ಜಾಗ ಒಂದೇ ಇತ್ತು. ಅದರ ಪಕ್ಕದ ನನ್ನ ಹಾಸಿಗೆಗೆ ನಾನು ಸರಿಸಿ ಮಲಗಿಸಿದ್ದ ಮಗು ಯಾರೆಂದು ನೋಡಿಕೊಂಡರು. ಅದನ್ನು ನಾನು ಮೆಟ್ಟಿಲಿನಿಂದ ಕಂಡೆ. ಆಮೇಲೆ ಕಾಫಿಯ ಹೊತ್ತಿಗೆ ನನ್ನ ಬಳಿ ಬಂದು, ಎರಡೂ ಕೈ ಜೋಡಿಸಿ, ಕಣ್ಣು ಒದ್ದೆ ಮಾಡಿಕೊಂಡು, "ಟೀಚರ್, ನೀವು ದೇವತೆ. ನನ್ನ ಬಾಯಿಂದ ಆ ಮಗುವಿನ ಹೆಸರು ಬರಲ್ಲ. ಪ್ರಮಾಣ," ಎಂದರು. ನಾನು ನಂಬಿದೆ. ಅವರು ಆ ಮಾತನ್ನು ಅಕ್ಷರಶಃ ಉಳಿಸಿಕೊಂಡರು ಎಂಬುದನ್ನು ನ್ಯಾಯವಾಗಿ ಇಲ್ಲಿ ದಾಖಲಿಸಬೇಕು.

ಐದನೆಯ ದಿನ ಸಂಜೆ ಸಮಾರೋಪ. ನಮ್ಮ ಊರುಗಳಲ್ಲಿ ಸಮಾರೋಪವೆಂದರೆ ಏನೆಂದು ಎಲ್ಲರಿಗೂ ಗೊತ್ತು. ಮಕ್ಕಳು ಮಧ್ಯಾಹ್ನವೇ ಬಣ್ಣ ಬಳಿದುಕೊಂಡು ಬೆವರುತ್ತಾ ಕಾಯುವುದು, ಗಣ್ಯರು ಬರುವುದು ತಡವಾಗುವುದು, ಬಂದ ಗಣ್ಯರಿಗೆ ಇನ್ನೊಂದು ಕಾರ್ಯಕ್ರಮವಿರುವುದು. ಅವರು ಬೇಗ ಹೋಗಬೇಕೆಂದು ನಾಟಕವನ್ನು ಹಿಂದಕ್ಕೆ ಹಾಕಿ ಭಾಷಣಗಳನ್ನು ಮುಂದಕ್ಕೆ ತಂದರು. ಪೋಷಕರಿಂದ ಭವನ ತುಂಬಿತ್ತು. ನಿತ್ಯಾಳ ತಾಯಿ ಮೂರನೆಯ ಸಾಲಿನಲ್ಲಿದ್ದಳು. ನಿತ್ಯಾ ತಮಟೆ ಕಟ್ಟಿಕೊಂಡು, ಮೀಸೆ ಬರೆಸಿಕೊಂಡು, ವೇದಿಕೆಯ ಪಕ್ಕದ ಪರದೆಯ ಹಿಂದೆ ಉಳಿದವರೊಂದಿಗೆ ನಿಂತಿದ್ದಳು.

ಇದ್ದಕ್ಕಿದ್ದಂತೆ ಸಂಚಾಲಕರು ಮೈಕಿನಲ್ಲಿ ನನ್ನ ಹೆಸರು ಕರೆದರು. ಪಟ್ಟಿಯಲ್ಲಿಲ್ಲದ ಒಂದು ಸನ್ಮಾನವಿದೆ ಎಂದರು. ವೇದಿಕೆಯ ಮೇಲೆ ಕುರ್ಚಿ ಹಾಕಿದರು, ತಟ್ಟೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಹಿಂಜರಿದರೂ ಬಿಡಲಿಲ್ಲ, ಸ್ವಯಂಸೇವಕರಿಬ್ಬರು ತೋಳು ಹಿಡಿದೇ ಹತ್ತಿಸಿದರು. ನಾನು ಕುಳಿತ ಮೇಲೆ ಅವರು ಗಂಟಲು ಸರಿ ಮಾಡಿಕೊಂಡರು.

"ಪೋಷಕ ಬಂಧುಗಳೇ, ನಾನು ಹೆಸರು ಹೇಳುವುದಿಲ್ಲ. ಹೆಸರು ಹೇಳುವುದು ನಮ್ಮ ಸಂಸ್ಕಾರವಲ್ಲ. ನಮ್ಮ ಶಿಬಿರಕ್ಕೆ ಒಂದು ಪುಟ್ಟ ಮಗು ಬಂದಿತ್ತು. ಭದ್ರಾವತಿಯಿಂದ ಬಂದ ಹೆಣ್ಣುಮಗು, ಹಿಂದೂ ಮನೆತನದ ಮಗು. ಪಾಪ, ಆ ಮಗುವಿಗೆ ರಾತ್ರಿ ಹಾಸಿಗೆ ಒದ್ದೆ ಮಾಡುವ ತೊಂದರೆ. ಹೆತ್ತ ತಾಯಿಯೇ ಮೂಗು ಮುಚ್ಚಿಕೊಳ್ಳುವ ಆ ಹಾಸಿಗೆಯನ್ನು ಮುಸ್ಲಿಂ ಸಮುದಾಯದ ಈ ಮಹಾತಾಯಿ ತಮ್ಮ ಕೈಯಾರೆ ತೊಳೆದರು! ನಾನು ಕಣ್ಣಾರೆ ಕಂಡೆ. ಬಂಧುಗಳೇ, ಇದಲ್ಲವೇ ಭಾವೈಕ್ಯ?"

ಚಪ್ಪಾಳೆ ಬಿತ್ತು. ಗಣ್ಯರು ತಲೆದೂಗಿದರು. ಫೋಟೋದವನು ಮುಂದೆ ಬಂದು ಮೊಣಕಾಲೂರಿದ.

ನನಗೆ ಅಂದು ಆದ ಅಸಹ್ಯವನ್ನು ವರ್ಣಿಸಲು ಯೋಗ್ಯವಾದ ಪದವನ್ನು ನಾನು ಇಷ್ಟು ವರ್ಷ ಕನ್ನಡ ಕಲಿಸಿಯೂ ಕಂಡುಕೊಂಡಿಲ್ಲ. ನಾನು ಒಂದು ಹಾಸಿಗೆ ತೊಳೆದದ್ದು ಈ ಮನುಷ್ಯನ ಕೈಯಲ್ಲಿ ಎರಡು ಧರ್ಮಗಳ ಕಥೆಯಾಗಿತ್ತು. ಆ ಕಥೆಗೆ ಒಂದು ಮಗುವಿನ ಒದ್ದೆ ಹಾಸಿಗೆ ಬೇಕಿತ್ತು, ನನ್ನ ತಲೆಯ ಮೇಲಿನ ಸೆರಗು ಬೇಕಿತ್ತು. ನಮ್ಮಿಬ್ಬರಲ್ಲಿ ಯಾರೂ ಬೇಕಿರಲಿಲ್ಲ. ಶಿಬಿರಕ್ಕೆ ಭದ್ರಾವತಿಯಿಂದ ಬಂದ ಹುಡುಗಿಯರು ಮೂವರೇ. ಅವರಲ್ಲಿ ಇಬ್ಬರು ನಮ್ಮವರ ಮಕ್ಕಳು. ಹೆಸರು ಹೇಳುವುದಿಲ್ಲವೆಂದವರು ಇನ್ನೇನನ್ನು ಉಳಿಸಿದ್ದರು?

ಮುಂದಿನ ಸಾಲುಗಳಲ್ಲಿ ಆಗಲೇ ಗುಸುಗುಸು ಎದ್ದಿತ್ತು. ಮೈಕಿನ ಬಳಿ ಕುಳಿತವಳಿಗೂ ಕೇಳುವಷ್ಟು.

"ಭದ್ರಾವತಿಯಿಂದ ಯಾರ್ ಯಾರ್ ಬಂದಿದ್ದಾರೆ ಮಾರಾಯ್ತಿ?"

"ನಮ್ ಪೈಕಿ ಒಬ್ಳೇ ಅಲ್ವೇನೇ? ಆ ತಮಟೆ ಹುಡುಗಿ..."

"ಅಯ್ಯೋ, ಅಷ್ಟು ದೊಡ್ಡವಳಾ!"

ಪರದೆಯ ಕಡೆ ನೋಡಿದೆ. ಉಳಿದ ಮಕ್ಕಳು ಇನ್ನೂ ಲೆಕ್ಕ ಹಾಕಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಿತ್ಯಾ ಯಾರನ್ನೂ ನೋಡುತ್ತಿರಲಿಲ್ಲ. ಬರೆದ ಮೀಸೆಯ ಕೆಳಗೆ ತುಟಿಗಳು ಬಿಳಿಚಿಕೊಂಡಿದ್ದವು. ಸೊಂಟದ ತಮಟೆಯ ಗಂಟನ್ನು ಬಿಚ್ಚಲು ಎರಡೂ ಕೈಗಳಿಂದ ತಡಕಾಡುತ್ತಿದ್ದಳು. ಅವಳು ಹೊರಟುಹೋಗುತ್ತಾಳೆ ಎಂದು ನನಗೆ ತಿಳಿಯಿತು. ನಾಟಕದಿಂದ ಮಾತ್ರವಲ್ಲ.

ಎದ್ದೆ. ಶಾಲು ಹಿಡಿದು ಬರುತ್ತಿದ್ದ ಗಣ್ಯರು ಅರ್ಧದಲ್ಲೇ ನಿಂತರು. ಸಂಚಾಲಕರ ಕೈಯಿಂದ ಮೈಕು ತೆಗೆದುಕೊಂಡೆ. ಕೃತಜ್ಞತೆ ಹೇಳುತ್ತೇನೆಂದು ತಿಳಿದು ಅವರು ನಗುತ್ತಲೇ ಕೊಟ್ಟರು.

"ಸಂಚಾಲಕರಿಗೆ ತಪ್ಪು ತಿಳಿವಳಿಕೆಯಾಗಿದೆ," ಎಂದೆ. "ಆ ಹಾಸಿಗೆ ಯಾವ ಮಗುವಿನದೂ ಅಲ್ಲ. ನನ್ನದು. ನನಗೆ ವಯಸ್ಸಾಗಿದೆ, ರಾತ್ರಿ ತಡೆಯುವುದು ಕಷ್ಟವಾಗುತ್ತದೆ. ಅವರು ನೋಡಿಬಿಟ್ಟಾಗ ನಾಚಿಕೆಯಾಗಿ ಮಗುವಿನ ಹೆಸರಿನಲ್ಲಿ ಹೇಳಿಬಿಟ್ಟೆ. ಈ ಶಿಬಿರದಲ್ಲಿ ಯಾವ ಮಗುವಿಗೂ ಆ ತೊಂದರೆ ಇಲ್ಲ. ತಪ್ಪಾಯಿತು, ಕ್ಷಮಿಸಬೇಕು."

ಹಿಂದಿನ ಸಾಲಿನಲ್ಲಿ ಯಾವನೋ ನಕ್ಕ. ಮತ್ತೊಬ್ಬ ಅವನನ್ನು ಗದರಿದ, ಅವನ ದನಿಯಲ್ಲೂ ನಗೆಯಿತ್ತು. ನನ್ನ ಹಾಲಿನ ಹುಡುಗಿಯೊಬ್ಬಳು ಪರದೆಯ ಹಿಂದಿನಿಂದ, "ಅದ್ಕೇ ಕಣ್ರೇ ಮಂಡಿ ಎಣ್ಣೆ ಅಂದಿದ್ದು!" ಎಂದು ಸಾಕಷ್ಟು ಗಟ್ಟಿಯಾಗಿಯೇ ಹೇಳಿದಳು. ಮಕ್ಕಳೆಲ್ಲ ಬಾಯಿಗೆ ಕೈಯಿಟ್ಟುಕೊಂಡು ಕುಲುಕಾಡಿದರು. ನಿತ್ಯಾಳ ಕೈ ತಮಟೆಯ ಗಂಟಿನ ಮೇಲೆಯೇ ನಿಂತಿತ್ತು.

ಗಣ್ಯರಿಗೆ ಕೈಯಲ್ಲಿದ್ದ ಶಾಲನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಕೊನೆಗೆ ಎರಡು ಬೆರಳ ತುದಿಯಲ್ಲಿ ಹಿಡಿದು, ನನ್ನ ಮೈ ತಾಕದಂತೆ, ಹೆಗಲ ಮೇಲೆ ಇಳಿಬಿಟ್ಟರು. ಫೋಟೋ ತೆಗೆಯಲಿಲ್ಲ. ನಾಟಕ ನಡೆಯಿತು. ಡಂಗುರದವನ ಮೊದಲ ಮಾತು ನಡುಗಿತು, ಎರಡನೆಯದು ನಡುಗಲಿಲ್ಲ.

ಕೆಳಗಿಳಿದ ಮೇಲೆ ಊಟದ ಸಾಲಿನಲ್ಲಿ ಸಂಚಾಲಕರು ನನ್ನನ್ನು ಹಿಡಿದರು. ಮುಖದಲ್ಲಿ ನೋವಿತ್ತು, ತಮ್ಮ ಭಾಷಣ ಹಾಳಾದ ನೋವು. "ಮೊದ್ಲೇ ಹೇಳ್ಬಾರ್ದಿತ್ತಾ ಟೀಚರ್? ಒಂದು ಎಳೇ ಮಗುವಿನ ಮೇಲೆ ಹಾಕ್ಬಿಟ್ರಲ್ಲ. ನಿಮ್ಮಂಥೋರು ಹೀಗ್ ಮಾಡ್ತೀರಾ ಅಂತ ಅಂದ್ಕೊಂಡಿರ್ಲಿಲ್ಲ. ನಾನು ಹೆಸರು ಹೇಳಿದ್ರೆ ಏನಾಗ್ತಿತ್ತು, ಯೋಚ್ನೆ ಮಾಡಿ!" ಎಂದರು. ಮಕ್ಕಳ ಮಾನವನ್ನು ಹೇಗೆ ಕಾಪಾಡಬೇಕೆಂದು ಆ ಮನುಷ್ಯನಿಂದ ನಾನು ಪಾಠ ಹೇಳಿಸಿಕೊಂಡೆ, ಕೈಯಲ್ಲಿ ಊಟದ ತಟ್ಟೆ ಹಿಡಿದು ನಿಂತು. ಎದುರು ಮಾತಾಡಿದರೆ ಅವರು ಮತ್ತೆ ಯೋಚಿಸಲು ಶುರು ಮಾಡುತ್ತಿದ್ದರು. ತಲೆ ಬಗ್ಗಿಸಿ, "ಹೌದು, ತಪ್ಪಾಯ್ತು" ಎಂದೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಅಸಹ್ಯಪಟ್ಟು ಉಚ್ಚರಿಸಿದ ಮಾತು ಇನ್ನೊಂದಿಲ್ಲ.

ನಿತ್ಯಾಳ ತಾಯಿ ನಾಲ್ಕು ಜನ ಹೆಂಗಸರ ನಡುವೆ ನಿಂತಿದ್ದಳು. ನನ್ನ ಹತ್ತಿರ ಬಂದಳು. ಒಂದು ಮಾತು, ಒಂದು ನೋಟ ಸಾಕಾಗಿತ್ತು. ಅವಳು ನನ್ನ ಕಣ್ಣನ್ನು ತಪ್ಪಿಸಿ, ಆ ನಾಲ್ವರಿಗೂ ಕೇಳುವಂತೆ, "ಪಾಪ, ಒಳ್ಳೆ ಡಾಕ್ಟರಿಗೆ ತೋರಿಸಿ ಟೀಚರ್. ನಾಚ್ಕೋಬಾರ್ದು," ಎಂದಳು. ಅವಳಿಗೆ ಹಾಗೆ ಹೇಳುವುದು ಅಗತ್ಯವಿತ್ತೆಂದು ನನ್ನ ಬುದ್ಧಿ ಒಪ್ಪುತ್ತದೆ. ಆದರೆ ಮುಂದಿನ ತಿಂಗಳುಗಳಲ್ಲಿ ಭದ್ರಾವತಿಯ ಅಂಗಡಿ, ಮದುವೆ, ಬಸ್ಸುಗಳಲ್ಲಿ ಈ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳುವುದೂ ಅಗತ್ಯವಿತ್ತೇ? ಹೇಳುತ್ತಿದ್ದಾಳೆಂದು ನನಗೆ ಬೇರೆ ಬೇರೆ ಬಾಯಿಗಳಿಂದ ತಿಳಿಯಿತು. ಮೂಗು ಹಿಡಿದು ತೋರಿಸುತ್ತಿದ್ದಳಂತೆ. ಅವಳನ್ನು ನಾನು ಕ್ಷಮಿಸಿಲ್ಲ.

ಸಮಾರೋಪದ ವಿಡಿಯೋ ಪೋಷಕರ ವಾಟ್ಸಾಪ್ ಗುಂಪಿನಿಂದ ಹೊರಗೆ ಹೋಯಿತು. ಅಂದಿನಿಂದ ನಾನು ಸಭೆಗಳಲ್ಲಿ ಕುಳಿತರೆ ಪಕ್ಕದ ಕುರ್ಚಿ ಕೊನೆಗೆ ತುಂಬುತ್ತದೆ. ಮನೆಯಲ್ಲಿ ಹೆಂಗಸರು ಸೇರಿ ನಮಾಜು ಮಾಡುವಾಗ, ನೆರೆಯ ಹಿರಿಯ ಹೆಂಗಸೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು, ಮೂತ್ರ ತಡೆಯಲಾಗದ ರೋಗಿಗಳಿಗೆ ವಜೂವಿನಲ್ಲಿ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ಶುದ್ಧವಾಗುವುದರಲ್ಲಿ, ಇರುವ ವಿನಾಯಿತಿಯನ್ನು ಬಹಳ ಕಾಳಜಿಯಿಂದ ವಿವರಿಸಿದಳು. ಬಾಲ್ಯದಿಂದ ಒಂದು ಹನಿ ಅಶುದ್ಧಿ ತಾಕಿದರೂ ಬಟ್ಟೆ ಬದಲಿಸಿ ಚಾಪೆಯ ಮೇಲೆ ನಿಂತವಳು ನಾನು. ಅವಳ ವಿವರಣೆ ಮುಗಿಯುವವರೆಗೆ ಕೇಳಿ, "ಶುಕ್ರಿಯಾ" ಎಂದೆ. ಮರುವರ್ಷದ ಶಿಬಿರಕ್ಕೆ ನನ್ನನ್ನು ಕರೆಯಲಿಲ್ಲ. "ನಿಮ್ಮ ಆರೋಗ್ಯ ಮುಖ್ಯ ಟೀಚರ್" ಎಂದು ಸಂಚಾಲಕರು ಒಂದು ಸಂದೇಶ ಕಳಿಸಿದರು, ಕೊನೆಯಲ್ಲಿ ಕೈಮುಗಿದ ಚಿತ್ರ.

ಇವರಲ್ಲಿ ಯಾರಿಗಾದರೂ ನಿಜ ಹೇಳಿ ಹಗುರಾಗಬಹುದಿತ್ತು. ನಾಲಿಗೆಯ ತುದಿಗೆ ಎಷ್ಟೋ ಸಲ ಬಂದಿದೆ. ತಂಗಿಯ ಮಗಳಿಗೆ ಕೂಡ ಹೇಳಲಿಲ್ಲ. ಒಬ್ಬರಿಗೆ ಹೇಳಿದರೆ ಆ ಒಬ್ಬರು ಹೆಸರು ಹೇಳುವುದಿಲ್ಲವೆಂದು ಪ್ರಮಾಣ ಮಾಡುತ್ತಾರೆ.

ಹೋದ ಡಿಸೆಂಬರಿನ ಒಂದು ಸಂಜೆ ಭದ್ರಾವತಿಯಲ್ಲಿ ಔಷಧಿ ಅಂಗಡಿಯಿಂದ ಮನೆಗೆ ನಡೆಯುತ್ತಿದ್ದೆ. ಶಾಲೆಯೊಂದರ ಗೇಟಿನ ಮುಂದೆ ಪ್ರವಾಸದ ಬಸ್ಸು ನಿಂತಿತ್ತು. ಡ್ರೈವರು ಗಾಜಿಗೆ ನಿಂಬೆಹಣ್ಣು ಕಟ್ಟುತ್ತಿದ್ದ. ಸ್ವೆಟರು ತೊಟ್ಟ ಹುಡುಗಿಯರು ಬ್ಯಾಗುಗಳ ಮೇಲೆ ಕುಳಿತು ಚಿಪ್ಸು ತಿನ್ನುತ್ತಾ, ಯಾರ ಪಕ್ಕ ಯಾರು ಎಂದು ಜಗಳವಾಡುತ್ತಿದ್ದರು. ಅವರ ನಡುವೆ ನಿತ್ಯಾ ಇದ್ದಳು. ಅವಳ ಈ ಹೊಸ ಶಾಲೆಯಲ್ಲಿ "ಬಾವುಟ" ಎಂಬ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎತ್ತರವಾಗಿದ್ದಳು. ಅವಳ ಬ್ಯಾಗು ಉಳಿದೆಲ್ಲರದಕ್ಕಿಂತ ದೊಡ್ಡದಾಗಿತ್ತು. ಮೂರು ರಾತ್ರಿಗಳ ಪ್ರವಾಸವೆಂದು ಪಕ್ಕದಲ್ಲಿ ಯಾರೋ ಪೋಷಕರು ಹೇಳುತ್ತಿದ್ದರು.

ಒಬ್ಬಳು ನನ್ನನ್ನು ಗುರುತಿಸಿದಳು. "ಇವ್ರೇ ಕಣ್ರೇ, ಆ ವಿಡಿಯೋದೋರು!" ಎಂದು ಮೂಗನ್ನು ಎರಡು ಬೆರಳುಗಳಲ್ಲಿ ಹಿಡಿದಳು. "ಡ್ರೈವರಣ್ಣ, ಇವ್ರನ್ನ ಹತ್ತಿಸ್ಕೋಬೇಡಿ, ಸೀಟು ಒದ್ದೆ ಆಗುತ್ತೆ!" ಎಲ್ಲರೂ ನಕ್ಕರು. ನಿತ್ಯಾಳೂ ಅವರ ಜೊತೆಯಲ್ಲೇ, ತಲೆ ಹಿಂದಕ್ಕೆಸೆದು ನಕ್ಕಳು. ಯಾರ ಬಗ್ಗೆ ನಗುತ್ತಿದ್ದೇನೆಂದು ಅವಳು ಇನ್ನೂ ತಿರುಗಿ ನೋಡಿರಲಿಲ್ಲ.

ಆಮೇಲೆ ನೋಡಿದಳು. ನಗೆ ಅಲ್ಲೇ ನಿಂತಿತು. ಕೈಯಲ್ಲಿದ್ದ ಚಿಪ್ಸಿನ ಪೊಟ್ಟಣವನ್ನು ಪಕ್ಕದವಳಿಗೆ ಕೊಟ್ಟು ಎದ್ದು ನಿಂತಳು. ಬಾಯಿ ತೆರೆದಳು. ಅವಳು ಏನು ಹೇಳಲಿದ್ದಾಳೆಂದು ನನಗೆ ಗೊತ್ತಿತ್ತು. ಇಷ್ಟೂ ಜನರ ಪೈಕಿ ಹೇಳುವ ಧೈರ್ಯ ಇದ್ದವಳು ಅವಳೊಬ್ಬಳೇ. ಅವಳ ಹಿಂದೆ ಬಸ್ಸಿನ ಬಾಗಿಲು ತೆರೆದಿತ್ತು.

ನಾನು ಬೇಡವೆಂದು ತಲೆಯಾಡಿಸಿದೆ. ಅವಳೊಬ್ಬಳಿಗೆ ಕಾಣುವಷ್ಟು.

ಆಮೇಲೆ ಆ ಮಗು ಯಾರೆಂದೇ ಗೊತ್ತಿಲ್ಲದವಳಂತೆ ಮುಖ ತಿರುಗಿಸಿ, "ಏನ್ರೇ ನಗೋದು, ದೊಡ್ಡವರು ಅಂತ ಇಲ್ವಾ?" ಎಂದು ಉಳಿದವರನ್ನು ಗದರಿ, ರಸ್ತೆ ದಾಟಿದೆ. ಹಿಂದಿನಿಂದ ಶಿಕ್ಷಕಿಯೊಬ್ಬರು ಹಾಜರಿ ಕೂಗತೊಡಗಿದರು. ಒಂದೊಂದೇ ಹೆಸರಿಗೆ ಒಂದೊಂದು "ಬಂದೆ ಮಿಸ್" ಬರುತ್ತಿತ್ತು. ಅವಳ ಹೆಸರು ಕೂಗಿದಾಗ ಉತ್ತರ ಬರಲಿಲ್ಲ. ಎರಡನೆಯ ಸಲ ಕೂಗಿದರು. ನಾನು ತಿರುಗಿ ನೋಡದೆ ನಡೆಯುತ್ತಾ, ಹೋಗು ಹೋಗು ಎಂದು ಒಳಗೇ ಗದರುತ್ತಿದ್ದೆ.

"ಬಂದೆ ಮಿಸ್," ಎಂದಳು.